ಅಂಟಿಸಿದವರ ಸ್ವಂತಿಕೆ

ಭಾನುವಾರದ ಸಂಜೆ ಸಿನಿಮಾ ನೋಡುವುದನ್ನು ಬಿಟ್ಟು ಸಿನಿಮಾದ ಬಗ್ಗೆ ಭಾಷಣ ಕೇಳಲು ಬಂದಿರುವ ಸ್ನೇಹಿತರೆ,

ದತ್ತಿ ಉಪನ್ಯಾಸಕ್ಕೆ ನಿಂತವರು ಮೊದಲು ದತ್ತಿಯ ಹಿಂದಿನ ಹಿರಿಯರನ್ನು ನೆನೆದು, ಆಮೇಲೆ ತಮ್ಮ ವಿಷಯಕ್ಕೆ ಬರುವುದು ವಾಡಿಕೆ. ನನಗೆ ಇವತ್ತು ಆ ಎರಡೂ ಕೆಲಸ ಒಂದೇ ಆಗಿಬಿಟ್ಟಿದೆ. ಈ ದತ್ತಿ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಅವರು ಟೂರಿಂಗ್ ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಹೆಸರನ್ನು ಎತ್ತಿ ಹೇಳಬೇಡಿ ಅಂತ ಮಕ್ಕಳ ಕೋರಿಕೆ. ಊರಿನಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ, ‘ಆಪರೇಟ್ರು’ ಅಂತಲೇ ಕರೆಯುತ್ತಿದ್ದರಂತೆ. ನಾನೂ ಹಾಗೇ ಕರೆಯುತ್ತೇನೆ.

ಹೋದ ತಿಂಗಳು ಅವರ ಮಗಳು ನನ್ನ ಮುಂದೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಿಟ್ಟರು. ಒಳಗೆ ಬರೀ ಫಿಲ್ಮ್ ತುಂಡುಗಳು. ಎರಡು ಫ್ರೇಮಿನವು, ಮೂರು ಫ್ರೇಮಿನವು, ಒಂದೆರಡು ಮೊಳದುದ್ದದವೂ ಇದ್ದವು. ಟೆಂಟಿನಲ್ಲಿ ಆಟದ ನಡುವೆ ಫಿಲ್ಮ್ ಕಡಿದರೆ ಏನಾಗುತ್ತಿತ್ತು ಅನ್ನುವುದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಕತ್ತಲು, ಶಿಳ್ಳೆ, ಆಪರೇಟರ್‌ನ ವಂಶವನ್ನೆಲ್ಲ ಜಾಲಾಡುವ ಬೈಗುಳ. ಅಷ್ಟರಲ್ಲಿ ಆತ ತುದಿಗಳನ್ನು ಬ್ಲೇಡಿನಿಂದ ಸಮ ಮಾಡಿ, ಮೇಲಿನ ಪದರ ಕೆರೆದು, ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಚ್ಚಿ, ಬೆರಳಲ್ಲಿ ಒತ್ತಿ ಹಿಡಿದು ಅಂಟಿಸಬೇಕು. ಪ್ರತಿ ಸಲವೂ ಎರಡು ಮೂರು ಫ್ರೇಮ್ ಹೋಗುತ್ತಿತ್ತು. ಬೆಂಗಳೂರು, ಮೈಸೂರು, ಜಿಲ್ಲಾ ಕೇಂದ್ರ, ತಾಲ್ಲೂಕು ಎಲ್ಲ ಸುತ್ತಿ ಟೆಂಟಿಗೆ ಬರುವ ಹೊತ್ತಿಗೆ ಒಂದು ಪ್ರಿಂಟು ಹತ್ತಾರು ಕೈಗಳಲ್ಲಿ ಕಡಿದು ಅಂಟಿಸಿಕೊಂಡಿರುತ್ತಿತ್ತು. ಎರಡನೇ ಆಟ ತಡವಾದರೆ ಆಪರೇಟ್ರು ಒಂದು ಶೋಕದ ಹಾಡನ್ನು ಹಾರಿಸುವುದೂ ಉಂಟು. ಜನ ಹಟ ಹಿಡಿದರೆ ಫೈಟಿನ ರೀಲನ್ನು ಎರಡು ಸಲ ಹಾಕಿದ್ದೂ ಉಂಟಂತೆ.

ಅಂದರೆ ಒಂದೇ ಹೆಸರಿನ ಸಿನಿಮಾ ಬೆಂಗಳೂರಿನಲ್ಲಿ ಒಂದು, ಆ ಊರಿನಲ್ಲಿ ಇನ್ನೊಂದು. ಆಪರೇಟ್ರು ತಮ್ಮನ್ನು ಎಡಿಟರ್ ಅಂತ ಯಾವತ್ತೂ ಅಂದುಕೊಂಡಿರಲಾರರು. ಆದರೆ ಆ ಊರಿನವರು ನೋಡಿದ್ದು ಅವರ ಎಡಿಟಿಂಗನ್ನೇ. ಹಾಗಾದರೆ ಮೂಲ ಎಲ್ಲಿದೆ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರದ್ದು, ಅದರ ಒಂದು ಪ್ರಿಂಟೂ ನಮಗೆ ಉಳಿದಿಲ್ಲ. ಮೂಲ ಅನ್ನುವುದನ್ನು ಇಷ್ಟು ಸಸಾರ ಮಾಡಿದ ನಾವು ಸ್ವಂತಿಕೆಯ ವಿಚಾರ ಬಂದಾಗ ಮಾತ್ರ ಗಂಟಲು ದೊಡ್ಡದು ಮಾಡುತ್ತೇವೆ. ‘ಆ ಶಾಟ್ ಅಲ್ಲಿಂದ ಕದ್ದದ್ದು, ಈ ಕಟ್ ಇಲ್ಲಿಂದ ಎತ್ತಿದ್ದು’ ಅಂತ ಟ್ರೇಲರ್ ಬಂದ ಅರ್ಧ ಗಂಟೆಯೊಳಗೆ ಪಟ್ಟಿ ಸಿದ್ಧವಾಗುತ್ತದೆ. ಕಳ್ಳತನ ಹಿಡಿಯುವುದು ಸುಲಭದ ಕೆಲಸ. ಸ್ವಂತದ್ದು ಅಂದರೆ ಏನು ಅಂತ ಹೇಳುವುದು ಕಷ್ಟ, ಅದರಲ್ಲೂ ಎಡಿಟಿಂಗ್ ಮೇಜಿನ ಮೇಲೆ ಇನ್ನೂ ಕಷ್ಟ. ಯಾಕೆಂದರೆ ಎಡಿಟರ್ ಕೈಗೆ ಬರುವುದೆಲ್ಲ ಪರರದ್ದೇ. ಕಥೆ ಒಬ್ಬರದು, ಮುಖ ಇನ್ನೊಬ್ಬರದು, ಬೆಳಕು ಮತ್ತೊಬ್ಬರದು. ನನ್ನದು ಅಂತ ಹೇಳಿಕೊಳ್ಳಲು ಒಂದು ಫ್ರೇಮೂ ಇಲ್ಲ.

ಮೂಲದ ಗೊಂದಲಕ್ಕೆ ಒಂದು ಕಥೆ ಹೇಳುತ್ತೇನೆ. ಇದು ನಮ್ಮ ಟೆಂಟಿನದಲ್ಲ, ಸಿನಿಮಾ ಚರಿತ್ರೆಯ ಗರ್ಭಗುಡಿಯದು.

ಅಮೆರಿಕದಲ್ಲಿ ಎಡಿಸನ್ ಕಂಪನಿಗೆ ಕೆಲಸ ಮಾಡುತ್ತಿದ್ದ ಎಡ್ವಿನ್ ಪೋರ್ಟರ್ 1903ರಲ್ಲಿ ‘ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್’ ಅನ್ನುವ ಆರು ನಿಮಿಷದ ಸಿನಿಮಾ ಹೊರತಂದ. ಮನೆಗೆ ಬೆಂಕಿ ಬಿದ್ದಿದೆ. ಒಳಗೆ ತಾಯಿ, ಮಗು. ಅಗ್ನಿಶಾಮಕದವರು ಕುದುರೆಗಾಡಿಯಲ್ಲಿ ಬಂದು ಕಿಟಕಿಗೆ ಏಣಿ ಹಾಕಿ ಇಬ್ಬರನ್ನೂ ಇಳಿಸುತ್ತಾರೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದ್ದ ಇದರ ಪ್ರಿಂಟನ್ನು ನೋಡಿದವರು ದಂಗಾಗಿದ್ದರು. ಯಾಕೆಂದರೆ ಅದರಲ್ಲಿ ಒಳಗಿನ ದೃಶ್ಯ, ಹೊರಗಿನ ದೃಶ್ಯ ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಳಗೆ ತಾಯಿ ಕುಸಿಯುತ್ತಾಳೆ, ಹೊರಗೆ ಏಣಿ ಏರುತ್ತದೆ, ಒಳಗೆ ಕಿಟಕಿ ಒಡೆಯುತ್ತದೆ, ಹೊರಗೆ ಅವಳನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಾನೆ. 1903ರಲ್ಲೇ ಇಂಥ ಎಡಿಟಿಂಗ್! ಪೋರ್ಟರ್‌ಗೆ ಎಡಿಟಿಂಗಿನ ಪಿತಾಮಹನ ಪಟ್ಟ ಗಟ್ಟಿಯಾಯಿತು.

ಆದರೆ ಇನ್ನೊಂದು ಪ್ರತಿ ವಾಷಿಂಗ್ಟನ್ನಿನಲ್ಲಿ ಕೂತಿತ್ತು. ಆಗಿನ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಸಿನಿಮಾ ಅನ್ನುವ ವಸ್ತುವಿಗೆ ಜಾಗವೇ ಇರಲಿಲ್ಲ, ಫೋಟೊಗೆ ಇತ್ತು. ಅದಕ್ಕೆ ಕಂಪನಿಗಳು ಸಿನಿಮಾವನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಫೋಟೊಗಳ ಸಾಲಾಗಿ ಮುದ್ರಿಸಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸುತ್ತಿದ್ದವು. 1912ರಲ್ಲಿ ಕಾನೂನು ಬದಲಾಗುವ ತನಕ ಇದೇ ಪದ್ಧತಿ. ದಶಕಗಳ ನಂತರ ಆ ಕಾಗದದಿಂದ ಮತ್ತೆ ಫಿಲ್ಮ್ ಮಾಡಿ ನೋಡಿದರೆ, ಹೆಣಿಗೆಯ ಸುಳಿವೇ ಇಲ್ಲ! ಇಡೀ ರಕ್ಷಣೆಯ ಪ್ರಸಂಗ ಮೊದಲು ಮನೆಯೊಳಗಿನಿಂದ ಪೂರ್ತಿ ನಡೆಯುತ್ತದೆ. ತಾಯಿ ಹೋದಳು, ಮಗು ಹೋಯಿತು, ಮುಗಿಯಿತು. ಆಮೇಲೆ ಅದೇ ಪ್ರಸಂಗ ಹೊರಗಿನಿಂದ ಮತ್ತೊಮ್ಮೆ ಮೊದಲಿನಿಂದ ಶುರುವಾಗುತ್ತದೆ. ವಿದ್ವಾಂಸರು ಬಹಳ ವರ್ಷ ಜಗಳವಾಡಿದರು. ಕೊನೆಗೆ ಗಟ್ಟಿಯಾದದ್ದು ಇಷ್ಟು: ಕಾಗದದ್ದೇ ಪೋರ್ಟರ್‌ನದು. ನ್ಯೂಯಾರ್ಕಿನದನ್ನು ಆಮೇಲೆ ಯಾರೋ ತಮ್ಮ ಕಾಲದ ರೂಢಿಗೆ ತಕ್ಕಂತೆ ಕತ್ತರಿಸಿ ಹೆಣೆದಿದ್ದರು. ಆ ‘ಯಾರೋ’ ಯಾರು ಅನ್ನುವುದು ಇತಿಹಾಸದಲ್ಲಿಲ್ಲ. ನಮ್ಮ ಆಪರೇಟ್ರ ಹಾಗೆ.

ಎರಡೆರಡು ಸಲ ತೋರಿಸಿದ್ದು ನಮಗೆ ಪೆದ್ದುತನ ಅನ್ನಿಸಬಹುದು. ಆದರೆ ಹರಿಕಥೆ ಕೇಳಿ ಬೆಳೆದವರು ಯೋಚಿಸಿ ನೋಡಿ. ದಾಸರು ಲಂಕೆಯ ಕಥೆಯನ್ನು ಒಂದು ಹಂತಕ್ಕೆ ಮುಟ್ಟಿಸಿ, ಚಿಟಿಕೆ ನಿಲ್ಲಿಸಿ, ‘ಇತ್ತ ಕಿಷ್ಕಿಂಧೆಯಲ್ಲಿ’ ಅಂತ ತೆಗೆದರೆ ನಾವು ಯಾವ ಗೊಂದಲವೂ ಇಲ್ಲದೆ ಹಿಂದಿನ ಹೊತ್ತಿಗೆ ಹೋಗಿ ನಿಲ್ಲುತ್ತೇವೆ. ಒಂದು ಕಡೆಯದನ್ನು ಪೂರ್ತಿ ಹೇಳಿ ಇನ್ನೊಂದು ಕಡೆಗೆ ಬರುವುದೂ ಒಂದು ಕ್ರಮ, ಅತ್ತ ಇತ್ತ ಎಳೆದಾಡುವುದೂ ಒಂದು ಕ್ರಮ. ಪೋರ್ಟರ್‌ನ ನೋಡುಗರಿಗೆ ಮೊದಲನೆಯದು ಸಹಜವಾಗಿತ್ತು. ಈಗಲೂ ನಮ್ಮ ಧಾರಾವಾಹಿಗಳಲ್ಲಿ ಅತ್ತೆಗೆ ಆಘಾತವಾದರೆ ಮುಖಕ್ಕೆ ಮೂರು ಸಲ ಝೂಮ್ ಆಗುವುದಿಲ್ಲವೆ? ಪೋರ್ಟರ್ ಎರಡಕ್ಕೇ ನಿಲ್ಲಿಸಿದ್ದ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಬೇರೆ ಸಂಗತಿ. ಇಷ್ಟು ಕಾಲ ಜಾಣರೆಲ್ಲ ತಿದ್ದಿದ ಪ್ರತಿಯನ್ನೇ ಮೂಲ ಅಂತ ನಂಬಿದ್ದು ಯಾಕೆ? ಅದು ತಮ್ಮ ಕಾಲದ ಸಿನಿಮಾದ ಹಾಗೆ ಇತ್ತು, ಅದಕ್ಕೇ. ಕಣ್ಣಿಗೆ ಪರಿಚಯ ಇದ್ದದ್ದು ಸರಿ ಅನ್ನಿಸುತ್ತದೆ, ಪರಿಚಯ ಇಲ್ಲದ್ದು ತಪ್ಪು ಅನ್ನಿಸುತ್ತದೆ. ಇವತ್ತಿನ ಎಡಿಟಿಂಗ್ ರೂಮಿನ ಕಾಯಿಲೆಯೂ ಇದೇ, ಆಮೇಲೆ ಅಲ್ಲಿಗೇ ಬರುತ್ತೇನೆ.

ಪರರ ಫಿಲ್ಮಿನಿಂದಲೇ ಸ್ವಂತದ್ದನ್ನು ಮಾಡಿದವಳ ಬಗ್ಗೆ ಈಗ ಹೇಳಬೇಕು. ಎಸ್ಫಿರ್ ಶೂಬ್ ಅಂತ ಹೆಸರು. 1920ರ ದಶಕದ ಮಾಸ್ಕೋದಲ್ಲಿ ಆಕೆಯ ನೌಕರಿ ಎಂದರೆ, ಹೊರದೇಶದಿಂದ ಬಂದ ಸಿನಿಮಾಗಳನ್ನು ಸೋವಿಯತ್ ನೋಡುಗರಿಗೆ ಒಗ್ಗುವಂತೆ ಕತ್ತರಿಸಿ ಜೋಡಿಸುವುದು. ಜರ್ಮನಿಯ ಫ್ರಿಟ್ಸ್ ಲಾಂಗ್‌ನ ‘ಡಾಕ್ಟರ್ ಮಬೂಸೆ’ಯನ್ನು ಆಕೆ ಹೀಗೆ ತಿದ್ದುತ್ತಿದ್ದಾಗ ಪಕ್ಕದಲ್ಲಿ ಕೂತು ಕೆಲಸ ಕಲಿತ ಹುಡುಗನ ಹೆಸರು ಸೆರ್ಗೆಯ್ ಐಸೆನ್‌ಸ್ಟೈನ್. ಮುಂದೆ 1925ರಲ್ಲಿ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಮಾಡಿದವನು ಆತನೇ. ಪುಸ್ತಕಗಳಲ್ಲಿ ಆತನಿಗೆ ಅಧ್ಯಾಯಗಳಿವೆ, ಶೂಬ್‌ಗೆ ಬಹಳ ಕಡೆ ಅಡಿಟಿಪ್ಪಣಿ.

1927ರಲ್ಲಿ ಆಕೆ ‘ರೊಮಾನೊವ್ ವಂಶದ ಪತನ’ ಮಾಡಿದಳು. ಅದಕ್ಕಾಗಿ ನೆಲಮಾಳಿಗೆಗಳಲ್ಲಿ ತೇವ ಹಿಡಿದು ಕೂತಿದ್ದ ಹಳೆಯ ಸುದ್ದಿಚಿತ್ರಗಳನ್ನು, ಝಾರ್ ದೊರೆ ತನ್ನ ಸಂಸಾರದ ನೆನಪಿಗೆಂದು ತೆಗೆಸಿಕೊಂಡ ಖಾಸಗಿ ರೀಲುಗಳನ್ನು ಹುಡುಕಿ ತೆಗೆದಳು. ಸುಮಾರು 60 ಸಾವಿರ ಮೀಟರ್ ಫಿಲ್ಮನ್ನು ಕಣ್ಣಿಟ್ಟು ನೋಡಿದಳು. ಅದರಲ್ಲಿ ಒಂದು ತುಣುಕು: ಹಡಗಿನ ಮೇಲೆ ಸಿರಿವಂತರು ಕುಣಿಯುತ್ತಾರೆ, ಕುಣಿದು ದಣಿದು ಬೆವರು ಒರೆಸಿಕೊಳ್ಳುತ್ತಾರೆ. ಅದನ್ನು ತೆಗೆದ ಕ್ಯಾಮೆರಾದವನಿಗೆ ಅದು ದೊರೆಯ ಬಳಗದ ಒಂದು ಆನಂದದ ದಿನ. ಶೂಬ್ ಅದರ ಪಕ್ಕಕ್ಕೆ ಮಣ್ಣು ಅಗೆದು ಬೆವರುವ ರೈತರನ್ನು ತಂದಿಟ್ಟಳು. ಎರಡೂ ಬೆವರೇ. ಎರಡರಲ್ಲಿ ಒಂದನ್ನೂ ಆಕೆ ತಾನಾಗಿ ಚಿತ್ರಿಸಲಿಲ್ಲ, ಆದರೂ ಆ ಸಿನಿಮಾ ಆಕೆಯದಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ?

ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಪಂಪನ ಕಥೆಯೂ ವ್ಯಾಸರದೇ, ಕುಮಾರವ್ಯಾಸನ ಕಥೆಯೂ ವ್ಯಾಸರದೇ. ಏನನ್ನು ಎಳೆದ, ಏನನ್ನು ಬಿಟ್ಟ, ಯಾರ ಪಕ್ಕ ಯಾರನ್ನು ನಿಲ್ಲಿಸಿದ ಅನ್ನುವುದರಲ್ಲಿ ನಾವು ಕವಿಯನ್ನು ಗುರುತಿಸಿದೆವು. ‘ಕಥೆ ಕದ್ದ’ ಅಂತ ಯಾರೂ ಕೇಸು ಹಾಕಲಿಲ್ಲ.

ಈಗ ನನ್ನ ಕಾಲಕ್ಕೆ ಬರುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಒಂದು ಎಡಿಟಿಂಗ್ ರೂಮಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿದೆ. ಅಸಿಸ್ಟೆಂಟ್ ಅಂದರೆ ಕೈಗೆ ಬಿಳಿ ಹತ್ತಿಯ ಗ್ಲೌಸ್, ಕಿವಿಗೆ ಮೇಣದ ಪೆನ್ಸಿಲ್. ಫಿಲ್ಮ್ ಅಂಚಿನಲ್ಲಿರುವ ನಂಬರುಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುವುದು, ತುಣುಕುಗಳನ್ನು ಮೊಳೆಗೆ ನೇತುಹಾಕುವುದು, ಗುರುಗಳು ಕೈ ಚಾಚಿದರೆ ಅವರಿಗೆ ಬೇಕಾದ ತುಣುಕು ಕೇಳುವ ಮೊದಲೇ ಕೈಯಲ್ಲಿರುವುದು. ಸ್ಟೀನ್‌ಬೆಕ್ ಯಂತ್ರದ ತಟ್ಟೆಗಳ ಮೇಲೆ ಫಿಲ್ಮ್ ಸುತ್ತುವ ಸದ್ದು ನನಗೆ ಈಗಲೂ ನಿದ್ದೆಯಲ್ಲಿ ಕೇಳುತ್ತದೆ.

ಒಂದು ಹಳ್ಳಿಯ ಸಿನಿಮಾ ಬಂದಿತ್ತು. ಪಟ್ಟಣಕ್ಕೆ ಹೋದ ಮಗ ಇನ್ನು ಬರುವುದಿಲ್ಲ ಅನ್ನುವ ಸುದ್ದಿಯನ್ನು ಅವ್ವನಿಗೆ ಯಾರೋ ಹೇಳುತ್ತಾರೆ. ಸ್ಕ್ರಿಪ್ಟಿನಲ್ಲಿ ‘ಅವ್ವ ಗೋಳಾಡುತ್ತಾಳೆ’ ಅಂತ ಇತ್ತು. ಅವ್ವನ ಪಾತ್ರ ಮಾಡಿದವರು ನಟಿಯಲ್ಲ, ಶೂಟಿಂಗ್ ನಡೆದ ಊರಿನವರೇ. ಮೂರು ಟೇಕ್ ಆಗಿತ್ತು, ಮೂರರಲ್ಲೂ ಅಳು ನಾಟಕದ ಅಳು. ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಗುರುಗಳು ಏನೂ ಹೇಳದೆ ಎನ್‌ಜಿ ಡಬ್ಬಿ, ಅಂದರೆ ಬೇಡ ಅಂತ ಬಿಟ್ಟ ತುಣುಕುಗಳ ಡಬ್ಬಿ, ತರಿಸಿದರು. ಎರಡನೇ ಟೇಕಿನಲ್ಲಿ ‘ಕಟ್’ ಅಂದ ಮೇಲೂ ಕ್ಯಾಮೆರಾ ಸ್ವಲ್ಪ ಓಡಿತ್ತು. ಮುಗಿಯಿತು ಅಂದುಕೊಂಡ ಅವ್ವ ಸೆರಗು ಸರಿ ಮಾಡಿಕೊಂಡು, ಮೊರದಲ್ಲಿದ್ದ ಒಂದು ಕಾಳನ್ನು ಎತ್ತಿ, ಅದು ಕಲ್ಲೋ ಕಾಳೋ ಅಂತ ನೋಡಿ, ಬಾಯಿಗೆ ಹಾಕಿಕೊಂಡಿದ್ದರು. ನಾಲ್ಕು ಸೆಕೆಂಡು. ಲೆಕ್ಕಕ್ಕೆ ತೊಂಬತ್ತಾರು ಫ್ರೇಮ್, ಆರು ಅಡಿ.

ಗುರುಗಳು ಸುದ್ದಿ ಹೇಳುವ ಮಾತು ಮುಗಿದ ತಕ್ಷಣ ಆ ಆರು ಅಡಿಯನ್ನು ಅಂಟಿಸಿದರು. ಅಳುವೇ ಇಲ್ಲ.

ಡೈರೆಕ್ಟರು ಎದ್ದು ನಿಂತರು. ‘ಸಾರ್, ಇದು ನಾನು ತೆಗೆದದ್ದಲ್ಲ.’

‘ನಾನೂ ತೆಗೆದದ್ದಲ್ಲಪ್ಪ, ಅವ್ವನೇ ಕೊಟ್ಟಿದ್ದು. ಬೇಡ ಅಂದ್ರೆ ವಾಪಸ್ ಹಾಕೋಣ’ ಅಂದರು ಗುರುಗಳು. ವಾಪಸ್ ಹಾಕಲಿಲ್ಲ. ಸಿನಿಮಾ ಎರಡು ವಾರವೂ ಓಡಲಿಲ್ಲ, ಅದು ಬೇರೆ ಮಾತು.

ಆ ಕಟ್ ಎಲ್ಲಿಂದ ಬಂತು ಅಂತ ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಯಾವ ಸಿನಿಮಾದಿಂದಲೂ ಅಲ್ಲ. ಗುರುಗಳ ತಲೆಯಿಂದಲೂ ಪೂರ್ತಿ ಅಲ್ಲ. ಅದು ಆ ರಶಸ್‌ನಲ್ಲೇ, ಅಂದರೆ ಚಿತ್ರಿಸಿ ತಂದ ಕಚ್ಚಾ ತುಣುಕುಗಳಲ್ಲೇ, ಬಿದ್ದಿತ್ತು, ನೋಡುವ ಸೈರಣೆ ಇದ್ದವರು ನೋಡಿದರು. ಎಡಿಟಿಂಗಿನಲ್ಲಿ ಸ್ವಂತಿಕೆ ಅಂತ ನಾನು ಕರೆಯುವುದು ಇದನ್ನೇ: ಮುಂದಿರುವ ಈ ತುಣುಕಿನಿಂದಲೇ ಹುಟ್ಟಿದ ಕಟ್. ಬೇರೆ ಯಾವುದೋ ತುಣುಕಿನ ನೆನಪಿನಿಂದ ಹುಟ್ಟಿದ ಕಟ್ ಎಷ್ಟೇ ಚುರುಕಾಗಿದ್ದರೂ ಎರವಲು.

ಇದಕ್ಕೆ ಯಂತ್ರವನ್ನು ದೂರುವವರಿದ್ದಾರೆ. ಫಿಲ್ಮ್ ಹೋಗಿ ಫೈಲ್ ಬಂತು, ಕಲೆ ಹಾಳಾಯಿತು ಅಂತ. ನಾನು ಒಪ್ಪುವುದಿಲ್ಲ. 1996ರ ‘ದಿ ಇಂಗ್ಲಿಷ್ ಪೇಷೆಂಟ್’ ಕಂಪ್ಯೂಟರಿನಲ್ಲಿ ಎಡಿಟ್ ಆಗಿ ಎಡಿಟಿಂಗಿನ ಆಸ್ಕರ್ ಗೆದ್ದ ಮೊದಲ ಸಿನಿಮಾ, ಅದರ ಎಡಿಟರ್ ವಾಲ್ಟರ್ ಮರ್ಚ್ ಹಿಂದೆ ಫಿಲ್ಮ್ ಕತ್ತರಿಸಿ ‘ಅಪೊಕ್ಯಾಲಿಪ್ಸ್ ನೌ’ ಮಾಡಿದವರು. ಕೊರಿಯಾದ ‘ಪ್ಯಾರಸೈಟ್’ 2019ರಲ್ಲಿ ಬಂದದ್ದು, ಎಡಿಟ್ ಆದದ್ದು ಕಂಪನಿಯೇ ಕೈಬಿಟ್ಟಿದ್ದ ಹಳೆಯ ಸಾಫ್ಟ್‌ವೇರಿನಲ್ಲಿ. ಆದರೆ ಒಂದು ನಷ್ಟ ನಿಜ. ಫಿಲ್ಮನ್ನು ಹಿಂದಕ್ಕೆ ಸುತ್ತುವಾಗ ಬೇಡ ಅಂದುಕೊಂಡ ಟೇಕುಗಳೂ ಕಣ್ಣ ಮುಂದೆ ಹಾದುಹೋಗುತ್ತಿದ್ದವು. ಬೇಕಾದದ್ದಕ್ಕೆ ನೆಟ್ಟಗೆ ಹೋಗುವ ಅನುಕೂಲ ಬಂದ ಮೇಲೆ ದಾರಿಯಲ್ಲಿ ಸಿಗುತ್ತಿದ್ದದ್ದು ಸಿಗದಂತಾಯಿತು. ಇದನ್ನು ಮರ್ಚ್ ಕೂಡ ಬರೆದಿದ್ದಾರೆ. ಜೊತೆಗೆ ರಾಶಿ ಬೆಳೆಯಿತು. ಫಿಲ್ಮಿಗೆ ದುಡ್ಡು ಕೊಡಬೇಕಾಗಿದ್ದಾಗ ಡೈರೆಕ್ಟರು ‘ಕಟ್’ ಅನ್ನಲು ಕಾಯುತ್ತಿದ್ದರು. ಈಗ ಕಾರ್ಡ್ ತುಂಬುವ ತನಕ ಕ್ಯಾಮೆರಾ ಓಡುತ್ತದೆ.

ರಾಶಿಯಲ್ಲಿ ಕಳೆದುಹೋಗದವರೂ ಇದ್ದಾರೆ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ಗೆ ಸುಮಾರು 480 ಗಂಟೆಯಷ್ಟು ರಶಸ್ ಇತ್ತು. ಡೈರೆಕ್ಟರ್ ಜಾರ್ಜ್ ಮಿಲ್ಲರ್ ಅದನ್ನು ತಮ್ಮ ಹೆಂಡತಿ ಮಾರ್ಗರೆಟ್ ಸಿಕ್ಸೆಲ್ ಕೈಗೆ ಕೊಟ್ಟರು. ಆಕೆ ಅಲ್ಲಿಯವರೆಗೆ ಒಂದು ಆ್ಯಕ್ಷನ್ ಸಿನಿಮಾವನ್ನೂ ಎಡಿಟ್ ಮಾಡಿದವರಲ್ಲ. ಅದೇ ಕಾರಣಕ್ಕೆ ಕೊಟ್ಟೆ, ರೂಢಿಯವರು ಮಾಡಿದ್ದರೆ ಇದೂ ಎಲ್ಲದರಂತೆ ಆಗುತ್ತಿತ್ತು ಅನ್ನುವುದು ಮಿಲ್ಲರ್ ವಾದ. ಎರಡು ಗಂಟೆಯ ಸಿನಿಮಾದಲ್ಲಿ ಸುಮಾರು 2,700 ಶಾಟ್‌ಗಳು. ಆದರೂ ಯಾರು ಯಾರನ್ನು ಹೊಡೆದರು ಅನ್ನುವ ಗೊಂದಲ ಇಲ್ಲ. ಮುಖ್ಯವಾದದ್ದು ಯಾವಾಗಲೂ ಚೌಕಟ್ಟಿನ ನಡುವೆ ಇರುವಂತೆ ಚಿತ್ರಿಸಿದ್ದರು, ಕಣ್ಣು ಹುಡುಕಾಡಬೇಕಿಲ್ಲ. ಸಿಕ್ಸೆಲ್ ಆ ಅನುಕೂಲವನ್ನು ಹಿಡಿದು ಕತ್ತರಿ ಆಡಿಸಿದರು, ಆಸ್ಕರ್ ಬಂತು.

ಆಮೇಲೆ ವೇಗ ಮಾತ್ರ ಎಲ್ಲ ಕಡೆ ಹೋಯಿತು, ನಡುವಿನ ಶಿಸ್ತು ಹೋಗಲಿಲ್ಲ. ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಲೆಕ್ಕ ಹಾಕಿದ ಪ್ರಕಾರ 1930ರಿಂದ 60ರ ತನಕದ ಹಾಲಿವುಡ್ಡಿನಲ್ಲಿ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡ್ ನಿಲ್ಲುತ್ತಿತ್ತು. ಶತಮಾನದ ಕೊನೆಗೆ ಅದು ಅರ್ಧಕ್ಕೂ ಕೆಳಗೆ ಇಳಿದಿತ್ತು. ನಮ್ಮ ಗಾಂಧಿನಗರದಲ್ಲಿ ಈಗ ಒಂದೇ ಭಯ, ‘ಲ್ಯಾಗ್’. ಮೊದಲ ಆಟ ಮುಗಿಯುವ ಮೊದಲೇ ಫೋನು ಬರುತ್ತದೆ. ‘ಸೆಕೆಂಡ್ ಹಾಫ್ ಲ್ಯಾಗ್ ಅಂತಿದ್ದಾರೆ, ಹತ್ತು ನಿಮಿಷ ಟ್ರಿಮ್ ಮಾಡಿ.’ ಯಾವ ಹತ್ತು ಅಂತ ಕೇಳಿದರೆ ಉತ್ತರ ಇಲ್ಲ. ನನ್ನ ಅನುಭವದಲ್ಲಿ ಲ್ಯಾಗ್ ಅನ್ನಿಸುವುದು ಉದ್ದವಾದದ್ದಲ್ಲ, ಮೊದಲೇ ಗೊತ್ತಿದ್ದದ್ದು. ಮಂಡ್ಯ ಸೀಮೆಯ ಹಳ್ಳಿಯಲ್ಲಿ ಅಲ್ಲಿನವರನ್ನೇ ಇಟ್ಟು ರಾಮ್ ರೆಡ್ಡಿ ಮಾಡಿದ ‘ತಿಥಿ’ಯಲ್ಲಿ ಗಡ್ಡಪ್ಪ ಅನ್ನುವ ಮುದುಕ ಸುಮ್ಮನೆ ನಡೆಯುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಮುಂದೆ ಎಲ್ಲಿಗೆ ಹೋಗುತ್ತಾನೋ ಯಾರಿಗೂ ಗೊತ್ತಿರಲಿಲ್ಲ.

ಈಗ ಆ ಕಾಯಿಲೆಯ ವಿಷಯ. ಅದರ ಹೆಸರು ‘ರೆಫರೆನ್ಸ್’. ರಶಸ್ ಬರುವ ಮೊದಲೇ ಪೆನ್‌ಡ್ರೈವ್ ಬರುತ್ತದೆ, ಅದರಲ್ಲಿ ಬೇರೆಯವರ ಟೀಸರ್‌ಗಳು. ‘ಈ ಫೀಲ್ ಬೇಕು ಸಾರ್.’ ಸಂಗೀತ ಸಿದ್ಧವಾಗುವ ತನಕ ಎಡಿಟರ್ ಯಾವುದೋ ಸಿನಿಮಾದ ಹಿನ್ನೆಲೆ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿ ಕಟ್ ಮಾಡುತ್ತಾನೆ. ಹತ್ತು ಸಲ ನೋಡಿದ ಮೇಲೆ ಎಲ್ಲರಿಗೂ ಅದರ ಮೇಲೆ ಮೋಹ. ಸ್ಟ್ಯಾನ್ಲಿ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಹೀಗೆ ತಾತ್ಕಾಲಿಕವಾಗಿ ಹಾಕಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡುಬಿಟ್ಟ. ಬರೆಸಿಕೊಂಡಿದ್ದ ಹೊಸ ಸಂಗೀತ ಹೋಯಿತು ಅನ್ನುವುದು ಪಾಪ, ಸಂಗೀತಗಾರ ಅಲೆಕ್ಸ್ ನಾರ್ತ್‌ಗೆ ಗೊತ್ತಾದದ್ದು ಸಿನಿಮಾ ನೋಡಲು ಕೂತಾಗ. ಕುಬ್ರಿಕ್ ಕನಿಷ್ಠ ಮೂಲವನ್ನೇ ಇಟ್ಟ. ಈಗಿನವರು ಸಂಗೀತ ನಿರ್ದೇಶಕರಿಗೆ ಹೇಳುವುದು, ‘ಡಿಟ್ಟೋ ಇದೇ ಇರಲಿ, ಆದರೆ ಕೇಸ್ ಬೀಳಬಾರದು.’

ಸ್ವತಃ ನಾನೂ ಇದರಲ್ಲಿ ಪಾಲುದಾರ. 2000ದ ದಶಕದಲ್ಲಿ ರೀಮೇಕುಗಳ ಸುಗ್ಗಿ. ಒಂದು ತಮಿಳು ಸಿನಿಮಾದ ರೀಮೇಕಿಗೆ ಕೂತಿದ್ದೆ. ನನ್ನ ಮಾನಿಟರಿನ ಪಕ್ಕದಲ್ಲೇ ಒಂದು ಟೀವಿ, ಅದಕ್ಕೆ ವಿಸಿಡಿ ಪ್ಲೇಯರ್. ಮೂಲದಲ್ಲಿ ಎಲ್ಲಿ ಕಟ್ ಆಗುತ್ತದೋ ಅಲ್ಲೇ ಆಗಬೇಕು. ನಮ್ಮ ನಾಯಕಿ ಒಂದು ಕಡೆ ಉಸಿರು ಎಳೆದುಕೊಂಡು ಅರ್ಧ ಕ್ಷಣ ತಡೆದಿದ್ದಳು, ಮಾತಿಗಿಂತ ಚೆನ್ನಾಗಿತ್ತು. ‘ಅಲ್ಲಿ ಅವಳು ತಡೆಯಲ್ಲ’ ಅಂತ ಡೈರೆಕ್ಟರು ಟೀವಿ ತೋರಿಸಿದರು. ನಾನು ಅವಳ ಉಸಿರನ್ನು ಕತ್ತರಿಸಿದೆ. ರೀಮೇಕಿಗೆ ಸರ್ಕಾರದ ಸಬ್ಸಿಡಿ ಇರಲಿಲ್ಲ, ನನಗೆ ಸಂಭಾವನೆಯ ಕೊನೆಯ ಕಂತೂ ಬರಲಿಲ್ಲ. ಲೆಕ್ಕ ಸರಿಹೋಯಿತು ಅಂದುಕೊಂಡಿದ್ದೇನೆ.

ಇದನ್ನೇ ಪ್ರಯೋಗ ಅಂತ ತಿಳಿದೇ ಮಾಡಿದವರೂ ಉಂಟು. ಹಿಚ್‌ಕಾಕ್‌ನ 1960ರ ‘ಸೈಕೋ’ವನ್ನು 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಬಹುಪಾಲು ಶಾಟ್‌ಗೆ ಶಾಟ್ ಮತ್ತೆ ಚಿತ್ರಿಸಿದ. ಅದೇ ಸ್ಕ್ರಿಪ್ಟ್, ಅದೇ ಸಂಗೀತದ ಹೊಸ ರೂಪ, ಈ ಸಲ ಬಣ್ಣದಲ್ಲಿ. ಸ್ನಾನದ ಕೋಣೆಯ ಆ ಕೊಲೆ ಮೂಲದಲ್ಲಿ ಮುಕ್ಕಾಲು ನಿಮಿಷದ್ದು. ಎಡಿಟರ್ ಜಾರ್ಜ್ ಟೊಮಾಸಿನಿ ಅದರಲ್ಲಿ ಐವತ್ತಕ್ಕೂ ಹೆಚ್ಚು ಕಟ್ ಇಟ್ಟಿದ್ದರು, ಚಾಕು ಮೈಗೆ ತಾಗುವುದನ್ನು ನೋಡಿದೆವು ಅಂತ ಜನ ಪ್ರಮಾಣ ಮಾಡುವಷ್ಟು. ಹೊಸದರಲ್ಲೂ ಕೋನ ಸರಿ, ಕ್ರಮ ಸರಿ, ಭಯ ಮಾತ್ರ ಬರಲಿಲ್ಲ. ಮೂಲದ ಕಟ್‌ಗಳು ಆ ನಟಿಯ ಮುಖದಿಂದ, ಆ ಕಪ್ಪು ಬಿಳುಪಿನಿಂದ ಹುಟ್ಟಿದವು. ಬೇರೆ ಮುಖದ ಮೇಲೆ ಕೂತಾಗ ಅಳತೆ ತಪ್ಪಿದ ಅಂಗಿಯಾದವು. ಆದರೂ ಆ ಸಿನಿಮಾದ ಮೇಲೆ ನನಗೆ ಗೌರವ ಇದೆ. ನಕಲು ಯಾಕೆ ಕೆಲಸ ಮಾಡುವುದಿಲ್ಲ ಅಂತ ಕೋಟಿಗಟ್ಟಲೆ ಸುರಿದು ತೋರಿಸಿದ ಬೇರೆ ಪಾಠ ನನಗೆ ಗೊತ್ತಿಲ್ಲ.

ಕನ್ನಡದ್ದು ಬರೀ ಎರವಲಿನ ಕಥೆ ಅಂತ ಯಾರೂ ತಿಳಿಯಬೇಡಿ. 1998ರಲ್ಲಿ ಉಪೇಂದ್ರರ ‘ಎ’ ಕಥೆಯನ್ನು ಹಿಂದು ಮುಂದಾಗಿ ಹೇಳಿತು. ಪೋಸ್ಟರಿನಲ್ಲೇ ‘ಬುದ್ಧಿವಂತರಿಗೆ ಮಾತ್ರ’ ಅಂತ ಕೆಣಕಿದ್ದರು. ರೀಲು ಅದಲು ಬದಲಾಗಿದೆ ಅಂತ ಒಂದೂರಲ್ಲಿ ಆಪರೇಟರ್ ಮೇಲೆ ಜಗಳಕ್ಕೆ ಹೋಗಿದ್ದರು ಅಂತ ಕೇಳಿ ನಕ್ಕಿದ್ದೇನೆ. ಸಮಯವನ್ನು ಹೀಗೆ ತಿರುಚುವ ಹಾಲಿವುಡ್ಡಿನ ‘ಮೆಮೆಂಟೊ’ ಬಂದದ್ದು ಅದಾದ ಎರಡು ವರ್ಷಕ್ಕೆ. 2013ರ ‘ಲೂಸಿಯಾ’ದಲ್ಲಿ ಪವನ್ ಕುಮಾರ್, ಥಿಯೇಟರಿನಲ್ಲಿ ಟಾರ್ಚ್ ಬಿಡುವ ಹುಡುಗನ ಬದುಕು, ಕನಸು ಎರಡನ್ನೂ ಬಣ್ಣ, ಕಪ್ಪು ಬಿಳುಪು ಅಂತ ಬೇರೆ ಮಾಡಿ, ಯಾವುದು ಯಾವುದು ಅನ್ನುವ ನಮ್ಮ ಧೈರ್ಯವನ್ನು ಕೊನೆಗೆ ಕಟ್‌ಗಳಲ್ಲೇ ಕಸಿದುಕೊಂಡರು.

‘ಕೆಜಿಎಫ್’ನ ಮಾತನ್ನೂ ಆಡಬೇಕು, ಇಲ್ಲದಿದ್ದರೆ ಹೊರಗೆ ಹುಡುಗರು ನನ್ನನ್ನು ಬಿಡುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದ ಎರಡನೇ ಭಾಗದ ಎಡಿಟರ್ ಉಜ್ವಲ್ ಕುಲಕರ್ಣಿ. ಉತ್ತರ ಕರ್ನಾಟಕದ ಹುಡುಗ, ಆಗಿನ್ನೂ ಇಪ್ಪತ್ತರ ಆಸುಪಾಸು. ಅಭಿಮಾನದಿಂದ ಸಿನಿಮಾ ತುಣುಕುಗಳನ್ನು ಎಡಿಟ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದವನ ಕೈಗೆ ಡೈರೆಕ್ಟರ್ ಪ್ರಶಾಂತ್ ನೀಲ್ ಅಷ್ಟು ದೊಡ್ಡ ಬಜೆಟ್ಟಿನ ಸಿನಿಮಾ ಕೊಟ್ಟರು. ನಮ್ಮ ಪೀಳಿಗೆಯವರಲ್ಲಿ ಹಲವರು ಮೂಗು ಮುರಿದರು. ನನಗೆ ನೆನಪಾದದ್ದು ಮಾಸ್ಕೋದ ಆ ಕೋಣೆ. ಪರರ ಸಿನಿಮಾವನ್ನು ಕತ್ತರಿಸಿ ಕೆಲಸ ಕಲಿಯುವುದು ಈ ಕಸುಬಿನ ಹಳೆಯ ಮಠವೇ ತಾನೆ? ಕಾರುಗಳು ಬೆನ್ನಟ್ಟುವ ಒಂದು ದೃಶ್ಯದಲ್ಲಿ ಪರದೆ ಕ್ಷಣಕ್ಷಣಕ್ಕೆ ಕಪ್ಪಾಗಿ ಮತ್ತೆ ಬೆಳಕಾಗುತ್ತದೆ. ಕಣ್ಣಿಗೆ ಹಿಂಸೆ ಅಂದವರಿದ್ದಾರೆ, ನನಗೂ ಉದ್ದವಾಯಿತು ಅನ್ನಿಸಿತು. ಆದರೆ ಆ ಕಪ್ಪು ಆ ಸಿನಿಮಾದ್ದೇ, ಮಸಿಯ, ಗಣಿಯ ಕಪ್ಪು. ಮುಂದಿನ ಎರಡು ವರ್ಷ ಅದೇ ಮಿಣುಕು ಮದುವೆ ಮನೆಯ ಫೈಟಿಗೂ ಬಂತು, ಕಾಲೇಜು ಲವ್ ಸ್ಟೋರಿಯ ಟೀಸರ್‌ಗೂ ಬಂತು. ಅಲ್ಲಿ ಗಣಿ ಇರಲಿಲ್ಲ.

ಇನ್ನು ಕಾನೂನು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ. ಡೈರೆಕ್ಟರಿಗೇ ಅಲ್ಲಿ ಜಾಗವಿಲ್ಲ, ಎಡಿಟರ್ ಅಂತೂ ದೂರ. ದುಡ್ಡು ಹಾಕಿದವರು ಕೊನೆಯನ್ನು ಬದಲಿಸುವುದು ಹೊಸದೂ ಅಲ್ಲ. 1942ರಲ್ಲಿ ಆರ್ಸನ್ ವೆಲ್ಸ್ ಬ್ರೆಜಿಲ್‌ನಲ್ಲಿದ್ದಾಗ ಸ್ಟುಡಿಯೊದವರು ಆತನ ‘ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್’ನಿಂದ ನಲವತ್ತಕ್ಕೂ ಹೆಚ್ಚು ನಿಮಿಷ ತೆಗೆದು, ಸುಖಾಂತ್ಯ ಚಿತ್ರಿಸಿ ಅಂಟಿಸಿದರು. ತೆಗೆದದ್ದನ್ನು ನಾಶ ಮಾಡಿದರು. ಕತ್ತರಿ ಹಿಡಿದದ್ದು ವೆಲ್ಸ್‌ನ ಎಡಿಟರ್ ರಾಬರ್ಟ್ ವೈಸ್‌ನೇ.

ಆಗ ಕನಿಷ್ಠ ನಟರನ್ನು ಕರೆಸಿ ಮತ್ತೆ ಚಿತ್ರಿಸಬೇಕಿತ್ತು. 2025ರ ಆಗಸ್ಟ್‌ನಲ್ಲಿ ಅದೂ ಬೇಕಾಗಲಿಲ್ಲ. 2013ರ ‘ರಾಂಝಣಾ’ ಸಿನಿಮಾದ ತಮಿಳು ರೂಪ ‘ಅಂಬಿಕಾಪತಿ’ಯನ್ನು ಹಕ್ಕುದಾರರು ಮರುಬಿಡುಗಡೆ ಮಾಡಿದಾಗ, ಕೊನೆಯಲ್ಲಿ ಸಾಯುವ ನಾಯಕನನ್ನು ಎಐ ಕೈಯಿಂದ ಬದುಕಿಸಿದ್ದರು. ಡೈರೆಕ್ಟರ್ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ಪ್ರತಿಭಟಿಸಿದರು. ಹಕ್ಕು ನಮ್ಮದು ಅಂತ ಹಕ್ಕುದಾರರು ಉತ್ತರ ಕೊಟ್ಟರು. ನನಗೆ ಇಲ್ಲಿ ನೋವಾಗುವುದು ಯಂತ್ರ ಮಾಡಿತು ಅನ್ನುವುದಕ್ಕಲ್ಲ. ಅವ್ವ ಆ ಕಾಳನ್ನು ಬಾಯಿಗೆ ಹಾಕಿಕೊಂಡದ್ದನ್ನು ನೋಡಲು ಒಬ್ಬರು ಕೂತಿದ್ದರಲ್ಲ, ಇಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ. ಸತ್ತ ನಾಯಕ ಕಣ್ಣು ತೆರೆಯುವ ಸಾವಿರಾರು ಸಿನಿಮಾಗಳ ಸರಾಸರಿಯಿಂದ ಆ ಕಣ್ಣು ತೆರೆಯಿತು. ರೆಫರೆನ್ಸಿನ ಪೆನ್‌ಡ್ರೈವ್ ಈಗ ತಾನೇ ಎಡಿಟ್ ಮಾಡಲು ಕೂತಿದೆ.

ಮಾತು ಉದ್ದವಾಯಿತು. ಟ್ರಿಮ್ ಮಾಡಿ ಅಂತ ಯಾರಾದರೂ ಚೀಟಿ ಕಳಿಸುವ ಮೊದಲು ಇಲ್ಲಿಗೆ ನಿಲ್ಲಿಸುತ್ತೇನೆ. ಸಂಘಟಕರು ಪರದೆ ಕಟ್ಟಿದ್ದಾರೆ. ಪೋರ್ಟರ್‌ನ ಆ ಸಿನಿಮಾ ಎರಡು ಸಲ ಬರುತ್ತದೆ. ಮೊದಲು ವಾಷಿಂಗ್ಟನ್ನಿನ ಕಾಗದದ್ದು, ಆಮೇಲೆ ನ್ಯೂಯಾರ್ಕಿನಲ್ಲಿ ಸಿಕ್ಕಿದ್ದು, ಒಂದೊಂದು ಆರು ನಿಮಿಷ. ಯಾವುದು ಮೂಲ ಅಂತ ಹೇಳಿಯಾಗಿದೆ. ಯಾವುದು ನಿಮಗೆ ಹಿಡಿಸಿತು ಅನ್ನುವುದನ್ನು ಹೊರಗೆ ಕಾಫಿ ಕುಡಿಯುವಾಗ ಹೇಳಿ. ಆಪರೇಟ್ರ ಮಗಳು ಬಿಸ್ಕತ್ತಿನ ಡಬ್ಬಿಯನ್ನೂ ಅಲ್ಲಿ ಮೇಜಿನ ಮೇಲೆ ಇಟ್ಟಿದ್ದಾರೆ, ಪಕ್ಕದಲ್ಲಿ ಒಂದು ಬಲ್ಬ್ ಇದೆ. ತುಣುಕುಗಳನ್ನು ಅಂಚು ಹಿಡಿದು ನೋಡಿ, ನಡುವೆ ಬೆರಳು ತಾಗಿಸಬೇಡಿ.

ಲೈಟ್ ಆಫ್ ಮಾಡಿಸಿ.